ಕಪ್ಪು ಹಿನ್ನೆಲೆಯ ಪುಟ: ಓದುಗನ ಅಧಿಕಾರದ ಒಂದು ಇತಿಹಾಸ

೧

ಬರಹದ ಇತಿಹಾಸವನ್ನು ಕುರಿತು ವಿಚಾರಮಾಡಿದವರು ಸಾಮಾನ್ಯವಾಗಿ ಅಕ್ಷರದ ಕಡೆಗೆ ಗಮನಕೊಟ್ಟಿರುವರೇ ಹೊರತು ಅಕ್ಷರದ ಹಿಂದಿರುವ ನೆಲದ ಕಡೆಗೆ ಅಷ್ಟಾಗಿ ಗಮನಕೊಟ್ಟಿಲ್ಲ. ಯಾವ ಕಾಲದಲ್ಲಿ ತಲೆಕಟ್ಟು ಯಾವ ಆಕಾರವನ್ನು ತಳೆಯಿತು, ಯಾವ ಅರಸರ ಕಾಲದಲ್ಲಿ ಲಿಪಿ ದುಂಡಗಾಯಿತು ಎಂಬ ಪ್ರಶ್ನೆಗಳಿಗೆ ನಮ್ಮ ಲಿಪಿಶಾಸ್ತ್ರಜ್ಞರು ಉತ್ತರ ಹೇಳಿದ್ದಾರೆ. ಅಕ್ಷರವನ್ನು ಹೊತ್ತ ಹಿನ್ನೆಲೆ ಬೆಳ್ಳಗಿರಬೇಕೋ ಕಪ್ಪಗಿರಬೇಕೋ, ಅದನ್ನು ನಿಶ್ಚಯಿಸುವ ಅಧಿಕಾರ ಬರೆದವನದೋ ಓದುವವನದೋ ಎಂಬ ಪ್ರಶ್ನೆ ಮಾತ್ರ ಮೊದಲ ನೋಟಕ್ಕೆ ಅಲ್ಪವಾದುದೆಂದು ತೋರಬಹುದು. ಅದು ಅಲ್ಪವಾದುದಲ್ಲವೆಂದು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಇಂದು ಕಾಲೇಜಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ಓದಿನ ಬಹುಭಾಗವನ್ನು ಗಣಕದ ಇಲ್ಲವೆ ಮೊಬೈಲಿನ ಪರದೆಯ ಮೇಲೆಯೇ ನಡೆಸುತ್ತಿರುವರು. ಹಗಲು ಹಿತವಾಗಿ ಕಂಡ ಬಿಳಿಯ ಪುಟ ರಾತ್ರಿ ದೀಪವಾರಿದ ಕೋಣೆಯಲ್ಲಿ ಕಣ್ಣನ್ನು ಕುಕ್ಕುತ್ತದೆ. ಆಗ ಹಲವರು ಬ್ರೌಸರಿಗೆ ಜೋಡಿಸಬಹುದಾದ ಒಂದು ಕಿರುತಂತ್ರಾಂಶವನ್ನು ಅರಸತೊಡಗುವರು. ಬಳಕೆಯಲ್ಲಿ ಎಕ್ಸ್‌ಟೆನ್ಷನ್ ಎಂದು ಕರೆಯಲ್ಪಡುವ ಇದನ್ನು ನಾವು ಇಲ್ಲಿ ವಿಸ್ತರಣೆಯೆಂದು ಕರೆಯುತ್ತೇವೆ. ಜಾಲತಾಣ ಕಳುಹಿಸಿದ ಬಿಳಿಯ ಹಿನ್ನೆಲೆಯನ್ನು ಓದುಗನ ಪರದೆಗೆ ತಲುಪಿದ ಮೇಲೆ ಕಪ್ಪಾಗಿ ಮಾರ್ಪಡಿಸುವುದು ಇಂಥ ವಿಸ್ತರಣೆಯ ಕೆಲಸ.

ಈ ವಿಸ್ತರಣೆಗಳು ಎಲ್ಲಿಂದ ಬಂದವು, ಅವುಗಳ ಅವಶ್ಯಕತೆ ಏಕೆ ಉಂಟಾಯಿತು, ಅವುಗಳಲ್ಲಿ ಯಾವುದನ್ನು ನಂಬಬಹುದು ಎಂಬುದನ್ನು ಕಾಲಾನುಕ್ರಮದಲ್ಲಿ ಪರಿಶೀಲಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪುಟದ ರೂಪವನ್ನು ತಿದ್ದಿಕೊಳ್ಳುವ ಅಧಿಕಾರವನ್ನು ವಿಶ್ವವ್ಯಾಪಿ ಜಾಲದ ನಿಯಮಗಳೇ ಓದುಗನಿಗೆ ಕೊಟ್ಟಿದ್ದವು. ಆಚರಣೆಯಲ್ಲಿ ಅದು ಅವನ ಕೈತಪ್ಪಿತು. ವಿಸ್ತರಣೆಗಳು ಅದನ್ನು ಹಿಂದಿರುಗಿಸಿದುವಾದರೂ ಬದಲಾಗಿ ಅವನ ನಂಬಿಕೆಯನ್ನು ಒತ್ತೆಯಾಗಿ ಕೇಳಿದವು.

೨

ಕಪ್ಪು ನೆಲದ ಮೇಲೆ ಬಿಳಿಯ ಬರಹ ನಮಗೆ ಹೊಸದಲ್ಲ. ಕನ್ನಡ ನಾಡಿನಲ್ಲಿ ಲೆಕ್ಕಪತ್ರಗಳಿಗೂ ದಾಖಲೆಗಳಿಗೂ ಬಳಕೆಯಲ್ಲಿದ್ದ ಕಡತವನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ೧೮೧೦ರಲ್ಲಿ ಪ್ರಕಟವಾದ ತನ್ನ ಮೈಸೂರು ಇತಿಹಾಸದ ಮೊದಲ ಸಂಪುಟದಲ್ಲಿ ಮಾರ್ಕ್ ವಿಲ್ಕ್ಸ್ ಇದನ್ನು ವರ್ಣಿಸಿದ್ದಾನೆ. ಶೃಂಗೇರಿ ಮಠದ ಕಡತಗಳು ವಿದ್ವಾಂಸರಿಗೆ ಸುಪರಿಚಿತವಾಗಿವೆ. ಕಚೇರಿಯ ಫೈಲನ್ನು ಇಂದಿಗೂ ಕಡತವೆಂದು ಕರೆಯುವಾಗ ಆ ಕಪ್ಪು ಬಟ್ಟೆಯ ನೆನಪು ಮಾತಿನಲ್ಲಿ ಉಳಿದಿದೆ. ಶಾಸನಗಳ ಪಡಿಯಚ್ಚುಗಳಲ್ಲಿಯೂ ಕಲ್ಲಿನ ಮೇಲ್ಮೈಗೆ ತಾಗಿದ ಕಾಗದ ಮಸಿಯಿಂದ ಕಪ್ಪಾಗಿ, ಕೊರೆದ ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ತಾಳೆಯ ಗರಿಯದು ಇದಕ್ಕೆ ವಿಲೋಮವಾದ ರೀತಿ. ಕಂಟದಿಂದ ಕೊರೆದ ಗೆರೆಗಳಲ್ಲಿ ಮಸಿ ನಿಂತು, ತಿಳಿಯಾದ ನೆಲದ ಮೇಲೆ ಅಕ್ಷರ ಕಪ್ಪಾಗಿ ಕಾಣುತ್ತದೆ.

ಇವೆಲ್ಲವುಗಳಲ್ಲಿಯೂ ಹಿನ್ನೆಲೆಯ ಬಣ್ಣವನ್ನು ನಿಶ್ಚಯಿಸಿದುದು ವಸ್ತು. ಇದ್ದಿಲು ಕಪ್ಪು, ಗರಿ ತಿಳಿಹಳದಿ. ಓದುಗನಾದವನು ಅದನ್ನು ಇದ್ದಂತೆ ಒಪ್ಪಿಕೊಳ್ಳಬೇಕಾಗಿತ್ತು. ಗಣಕದ ಮೊದಲ ಪರದೆಗಳ ವಿಷಯದಲ್ಲಿಯೂ ಹೀಗೆಯೇ ನಡೆಯಿತು. ಕ್ಯಾಥೋಡ್ ಕಿರಣದ ಕೊಳವೆಯಲ್ಲಿ ಎಲೆಕ್ಟ್ರಾನುಗಳ ಧಾರೆ ತಾಗಿದ ಕಡೆ ಮಾತ್ರ ಗಾಜಿನ ಒಳಮೈಗೆ ಬಳಿದ ಫಾಸ್ಫರ್ ಹೊಳೆಯುತ್ತಿತ್ತು; ಉಳಿದ ಭಾಗ ಸಹಜವಾಗಿಯೇ ಕಪ್ಪಗಿರುತ್ತಿತ್ತು. ಇಡೀ ಪರದೆಯನ್ನು ಬೆಳ್ಳಗೆ ಬೆಳಗಿಸಿದರೆ ಅದರ ಮಿಣುಕು ಕಣ್ಣಿಗೆ ಎದ್ದುಕಾಣುತ್ತಿತ್ತು. ೧೯೭೧ರಲ್ಲಿ ಬಂದ ಐಬಿಎಂ ಸಂಸ್ಥೆಯ ೩೨೭೦ ಶ್ರೇಣಿಯ ಪರದೆಗಳ ಮೇಲೂ, ೧೯೮೧ರಲ್ಲಿ ಅದೇ ಸಂಸ್ಥೆ ತನ್ನ ಪರ್ಸನಲ್ ಕಂಪ್ಯೂಟರಿನೊಡನೆ ಮಾರಿದ ಒಂದೇ ಬಣ್ಣದ ಪರದೆಯ ಮೇಲೂ ಕಪ್ಪಿನ ನಡುವೆ ಹಸುರು ಅಕ್ಷರಗಳು ಮೂಡುತ್ತಿದ್ದುದಕ್ಕೆ ಇದೇ ಹಿನ್ನೆಲೆ.

ಆದರೆ ಈ ಕಾಲದಲ್ಲಿಯೇ ಒಂದು ಗಮನಾರ್ಹವಾದ ಬದಲಾವಣೆ ಕಂಡುಬರುತ್ತದೆ. ೧೯೭೮ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಹೊರತಂದ ವಿಟಿ ೧೦೦ ಎಂಬ ಟರ್ಮಿನಲ್ಲಿನಲ್ಲಿ, ಅದರ ಮುಂದೆ ಕುಳಿತವನು ಸಿದ್ಧತೆಯ ಪಟ್ಟಿಯೊಂದನ್ನು ತೆರೆದು ಹಿನ್ನೆಲೆ ಕಪ್ಪಗಿರಬೇಕೋ ಬೆಳ್ಳಗಿರಬೇಕೋ ಎಂಬುದನ್ನು ತಾನೇ ಆರಿಸಿಕೊಳ್ಳಬಹುದಾಗಿತ್ತು. ಬಣ್ಣ ಇಲ್ಲಿ ವಸ್ತುವಿನ ಗುಣವಾಗಿ ಉಳಿಯಲಿಲ್ಲ; ಅದು ಆಜ್ಞೆಯೊಂದರ ಫಲವಾಯಿತು. ಆಜ್ಞೆಯೆಂದ ಮೇಲೆ ಅದು ಯಾರದು ಎಂಬ ಪ್ರಶ್ನೆ ಹುಟ್ಟಲೇಬೇಕಷ್ಟೆ.

೩

ಬಿಳಿಯ ಪುಟ ಪರದೆಗೆ ಬಂದುದು ಕಾಗದದ ಅನುಕರಣೆಯಿಂದ. ೧೯೭೩ರಲ್ಲಿ ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಸಂಸ್ಥೆಯ ಸಂಶೋಧನ ಕೇಂದ್ರದಲ್ಲಿ ಸಿದ್ಧವಾದ ಆಲ್ಟೊ ಎಂಬ ಗಣಕದ ಪರದೆ ಅಗಲಕ್ಕಿಂತ ಎತ್ತರವಾಗಿದ್ದು, ಕಾಗದದ ಹಾಳೆಯಂತೆ ಬಿಳಿಯ ನೆಲದ ಮೇಲೆ ಕಪ್ಪು ಅಕ್ಷರಗಳನ್ನು ತೋರಿಸುತ್ತಿತ್ತು. ನಕಲುಯಂತ್ರಗಳನ್ನು ಮಾರುತ್ತಿದ್ದ ಸಂಸ್ಥೆಯಲ್ಲಿ ಪರದೆ ಕಾಗದವನ್ನು ಹೋಲಬೇಕೆಂಬ ಆಸೆ ಹುಟ್ಟಿದುದು ಸಹಜವೇ. ೧೯೮೪ರ ಜನವರಿಯಲ್ಲಿ ಆಪಲ್ ಸಂಸ್ಥೆಯ ಮ್ಯಾಕಿಂಟಾಷ್ ಈ ರೂಪವನ್ನು ಮನೆಮನೆಗೆ ಮುಟ್ಟಿಸಿತು. ಪರದೆಯ ಮೇಲೆ ಕಂಡದ್ದೇ ಕಾಗದದ ಮೇಲೆ ಅಚ್ಚಾಗುವುದೆಂಬ ಭರವಸೆ ಲೇಖಕರಿಗೂ ಮುದ್ರಕರಿಗೂ ಅತ್ಯಂತ ಪ್ರಿಯವಾದುದು.

ಆದರೆ ಈ ಹೋಲಿಕೆಯಲ್ಲಿ ಒಂದು ಕೊರತೆ ಅಡಗಿತ್ತು. ಕಾಗದ ತಾನಾಗಿ ಬೆಳಗುವುದಿಲ್ಲ. ಕೋಣೆಯ ಬೆಳಕು ಎಷ್ಟಿದೆಯೋ ಅದಕ್ಕೆ ತಕ್ಕಷ್ಟನ್ನೇ ಅದು ಕಣ್ಣಿಗೆ ಹಿಂದಿರುಗಿಸುತ್ತದೆ. ದೀಪವನ್ನು ಸಣ್ಣಗೆ ಮಾಡಿದರೆ ಪುಸ್ತಕವೂ ಮಂಕಾಗುತ್ತದೆ. ಪರದೆಯಾದರೋ ಸ್ವಯಂಪ್ರಕಾಶಿತವಾದುದು. ಕೋಣೆ ಕತ್ತಲಾದಷ್ಟೂ ಅದರ ಬಿಳುಪು ತೀಕ್ಷ್ಣವಾಗಿ ತೋರುತ್ತದೆ. ಕಾಗದದ ಬಣ್ಣವನ್ನು ಅನುಕರಿಸಿದವರಿಗೆ ಕಾಗದದ ವಿನಯವನ್ನು ಅನುಕರಿಸಲಾಗಲಿಲ್ಲ.

೪

೧೯೮೯ರ ಮಾರ್ಚಿಯಲ್ಲಿ ಟಿಮ್ ಬರ್ನರ್ಸ್ ಲೀ ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ ಮಂಡಿಸಿದ ಯೋಜನೆಯಿಂದ ವಿಶ್ವವ್ಯಾಪಿ ಜಾಲ ಹುಟ್ಟಿತು. ಮೊದಲ ಕೆಲವು ವರ್ಷಗಳಲ್ಲಿ ಪುಟವನ್ನು ಬರೆದವನು ಇದು ಶೀರ್ಷಿಕೆ, ಇದು ಪರಿಚ್ಛೇದ, ಇದು ಪಟ್ಟಿ ಎಂದು ಗುರುತುಹಾಕಿ ಕಳುಹಿಸುತ್ತಿದ್ದನು; ಅದು ಯಾವ ಅಕ್ಷರದಲ್ಲಿ, ಯಾವ ಬಣ್ಣದಲ್ಲಿ ಕಾಣಬೇಕೆಂಬುದು ಬಹುಮಟ್ಟಿಗೆ ಓದುಗನ ಬ್ರೌಸರಿಗೆ ಬಿಟ್ಟ ವಿಷಯವಾಗಿತ್ತು. ೧೯೯೩ರಲ್ಲಿ ಪ್ರಸಿದ್ಧಿಗೆ ಬಂದ ಮೊಸಾಯಿಕ್ ಬ್ರೌಸರಿನಲ್ಲಿ ಪುಟದ ಹಿನ್ನೆಲೆ ಬೂದುಬಣ್ಣದ್ದಾಗಿತ್ತು.

ಈ ಸ್ಥಿತಿ ಲೇಖಕರಿಗೆ ಬಹುಕಾಲ ಹಿಡಿಸಲಿಲ್ಲ. ೧೯೯೫ರಲ್ಲಿ ನೆಟ್‌ಸ್ಕೇಪ್ ಬ್ರೌಸರಿನ ೧.೧ನೆಯ ಆವೃತ್ತಿ ಪುಟದ ಹಿನ್ನೆಲೆಯ ಬಣ್ಣವನ್ನು ಪುಟದೊಳಗೇ ಬರೆದಿಡುವ ಸೌಲಭ್ಯವನ್ನು ಕೊಟ್ಟಿತು. ಬಣ್ಣದ ಮೇಲಿನ ಅಧಿಕಾರ ಎಷ್ಟು ದೊಡ್ಡದೆಂಬುದು ಮರುವರ್ಷವೇ ಪ್ರಕಟವಾಯಿತು. ಅಮೆರಿಕದಲ್ಲಿ ಜಾಲದ ಮೇಲಿನ ಅಶ್ಲೀಲತೆಯನ್ನು ತಡೆಯುವುದಾಗಿ ಹೇಳಿಕೊಂಡ ಕಾಯಿದೆಯೊಂದಕ್ಕೆ ೧೯೯೬ರ ಫೆಬ್ರುವರಿ ೮ರಂದು ಅಧ್ಯಕ್ಷರ ಅಂಕಿತ ಬಿದ್ದಾಗ, ಅದು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಬಗೆದ ಸಾವಿರಾರು ಜಾಲತಾಣಗಳು ತಮ್ಮ ಪುಟಗಳ ಹಿನ್ನೆಲೆಯನ್ನು ೪೮ ಗಂಟೆಗಳ ಕಾಲ ಕಪ್ಪಾಗಿಸಿ ಪ್ರತಿಭಟಿಸಿದವು. ಆ ಕಾಯಿದೆಯ ಮುಖ್ಯ ವಿಧಿಗಳನ್ನು ೧೯೯೭ರ ಜೂನಿನಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ರದ್ದುಗೊಳಿಸಿತು. ಇಲ್ಲಿ ಕಪ್ಪು ಲೇಖಕನ ಘೋಷಣೆಯಾಗಿತ್ತು. ಮುಂದೆ ಅದು ಓದುಗನ ಆಯ್ಕೆಯಾಗಲು ಬಹಳ ಕಾಲ ಹಿಡಿಯಿತು.

ಲೇಖಕನ ಇಚ್ಛೆಗೂ ಓದುಗನ ಇಚ್ಛೆಗೂ ಒಂದು ಒಪ್ಪಂದವನ್ನು ಏರ್ಪಡಿಸಬೇಕೆಂಬ ಯತ್ನ ಇದೇ ವರ್ಷಗಳಲ್ಲಿ ನಡೆಯಿತೆಂಬುದು ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದ ಸಂಗತಿ. ೧೯೯೪ರ ಅಕ್ಟೋಬರ್ ೧೦ರಂದು ಹೋಕನ್ ವಿಯಂ ಲೀ ಎಂಬ ನಾರ್ವೆಯ ತಜ್ಞನು ಪುಟದ ರೂಪವನ್ನು ವಿಧಿಸುವ ಸ್ಟೈಲ್ ಷೀಟ್‌ಗಳ ಕರಡನ್ನು ಪ್ರಕಟಿಸಿದನು. ಅದರ ವಿಶೇಷವೆಂದರೆ, ಒಂದೊಂದು ಅಂಶದ ಮೇಲೂ ಎಷ್ಟು ಪ್ರಭಾವ ಬೇಕೆಂಬುದನ್ನು ಲೇಖಕನೂ ಓದುಗನೂ ಶೇಕಡಾವಾರಿನಲ್ಲಿ ಹೇಳಬಹುದಾಗಿತ್ತು. ಶೇಕಡಾ ಲೆಕ್ಕ ಕೊನೆಗೆ ಕೈಬಿಟ್ಟುಹೋಯಿತಾದರೂ ಇಬ್ಬರ ವಿಧಿಗಳೂ ಒಂದರ ಮೇಲೊಂದು ಇಳಿದುಬಂದು ಕೂಡಬೇಕೆಂಬ ತತ್ತ್ವ ಉಳಿಯಿತು. ಬರ್ಟ್ ಬೋಸ್ ಎಂಬಾತನ ಸಹಕಾರದಿಂದ ಬೆಳೆದ ಈ ಯೋಜನೆ ೧೯೯೬ರ ಡಿಸೆಂಬರ್ ೧೭ರಂದು ಸಿಎಸ್‌ಎಸ್ ಎಂಬ ಹೆಸರಿನಲ್ಲಿ ಅಂಗೀಕೃತವಾಯಿತು.

ಸಾಮಾನ್ಯ ವಿಧಿಗಳಲ್ಲಿ ಲೇಖಕನ ಮಾತು ಮೇಲಾಗುತ್ತಿತ್ತು. ತನ್ನ ವಿಧಿ ಅತಿಮುಖ್ಯವೆಂದು ಗುರುತುಹಾಕುವ ಅವಕಾಶ ಇಬ್ಬರಿಗೂ ಇತ್ತು. ಇಬ್ಬರೂ ಹಾಗೆ ಗುರುತುಹಾಕಿದಾಗ ಮೊದಲ ಆವೃತ್ತಿಯಲ್ಲಿ ಲೇಖಕನೇ ಗೆಲ್ಲುತ್ತಿದ್ದನು. ೧೯೯೮ರ ಮೇ ೧೨ರಂದು ಅಂಗೀಕೃತವಾದ ಎರಡನೆಯ ಆವೃತ್ತಿ ಈ ನಿಯಮವನ್ನು ತಿರುವುಮುರುವು ಮಾಡಿತು. ಕಣ್ಣಿನ ದೋಷವುಳ್ಳವರೂ ದೊಡ್ಡ ಅಕ್ಷರ, ಬೇರೆ ಬಣ್ಣಗಳ ಅವಶ್ಯಕತೆಯುಳ್ಳವರೂ ಓದಲು ಸಾಧ್ಯವಾಗಬೇಕೆಂಬ ಕಾರಣದಿಂದ ಕೊನೆಯ ಮಾತು ಓದುಗನದೆಂದು ಅದು ನಿರ್ಣಯಿಸಿತು. ಪುಟದ ಹಿನ್ನೆಲೆಯನ್ನು ಕಪ್ಪಾಗಿಸಿಕೊಳ್ಳುವವನು ಲೇಖಕನ ಮೇಲೆ ಅತಿಕ್ರಮಣ ಮಾಡುತ್ತಿಲ್ಲ. ಜಾಲದ ಮೂಲಸಂವಿಧಾನ ತನಗೆ ಕೊಟ್ಟ ಹಕ್ಕನ್ನು ಚಲಾಯಿಸುತ್ತಿದ್ದಾನೆ.

೫

ಹಕ್ಕು ಗ್ರಂಥಸ್ಥವಾದ ಮಾತ್ರಕ್ಕೆ ಕೈಗೆ ಬರುವುದಿಲ್ಲವೆಂಬುದಕ್ಕೆ ಇತಿಹಾಸದಲ್ಲಿ ನಿದರ್ಶನಗಳು ಬೇಕಾದಷ್ಟಿವೆ. ಓದುಗನು ತನ್ನ ಸ್ಟೈಲ್ ಷೀಟನ್ನು ತಾನೇ ಬರೆದುಕೊಳ್ಳಬೇಕಾದರೆ ಅದರ ಭಾಷೆಯನ್ನು ಕಲಿತಿರಬೇಕಾಗಿತ್ತು. ಒಪೆರಾ ಬ್ರೌಸರ್ ಒಂದೇ ಗುಂಡಿಯಿಂದ ಲೇಖಕನ ರೂಪದಿಂದ ಓದುಗನ ರೂಪಕ್ಕೆ ಬದಲಾಗುವ ಸೌಕರ್ಯವನ್ನು ಕೊಟ್ಟಿತ್ತು. ಉಳಿದ ಬ್ರೌಸರುಗಳಲ್ಲಿ ಈ ಸೌಕರ್ಯ ಪಟ್ಟಿಗಳ ಆಳದಲ್ಲಿ ಹುದುಗಿತ್ತು. ೨೦೧೪ರಲ್ಲಿ ಕ್ರೋಮ್ ತನ್ನ ೩೩ನೆಯ ಆವೃತ್ತಿಯಿಂದ ಓದುಗನ ಸ್ಟೈಲ್ ಷೀಟನ್ನು ತೆಗೆದೇಹಾಕಿತು. ೨೦೧೯ರ ಸೆಪ್ಟೆಂಬರಿನಲ್ಲಿ ಬಂದ ೬೯ನೆಯ ಆವೃತ್ತಿಯಿಂದ ಮುಂದೆ ಫೈರ್‌ಫಾಕ್ಸ್ ಕೂಡ ಓದುಗನು ವಿಶೇಷವಾಗಿ ಆಜ್ಞಾಪಿಸಿದ ಹೊರತು ಆ ಕಡತವನ್ನು ತೆರೆದುನೋಡುವುದಿಲ್ಲ.

ಮುಂಬಾಗಿಲು ಹೀಗೆ ಮುಚ್ಚುತ್ತಿರುವಾಗ ಪಕ್ಕದ ಬಾಗಿಲಿನಿಂದ ಬಂದವುಗಳೇ ವಿಸ್ತರಣೆಗಳು. ೨೦೦೪ರ ನವೆಂಬರಿನಲ್ಲಿ ಫೈರ್‌ಫಾಕ್ಸಿನ ಮೊದಲ ಆವೃತ್ತಿ ಹೊರಬಂದಾಗ ಹೊರಗಿನವರು ಬರೆದ ಕಿರುತಂತ್ರಾಂಶಗಳನ್ನು ಬ್ರೌಸರಿಗೆ ಜೋಡಿಸುವುದು ಜನಪ್ರಿಯವಾಯಿತು. ೨೦೦೫ರಲ್ಲಿ ಜೇಸನ್ ಬಾರ್ನಬಿ ಎಂಬಾತನು ಸ್ಟೈಲಿಷ್ ಎಂಬ ವಿಸ್ತರಣೆಯನ್ನು ರಚಿಸಿದನು. ಸ್ಟೈಲ್ ಷೀಟನ್ನು ಬರೆಯಬಲ್ಲವರು ಬರೆದು ಹಂಚಿದರು. ಬರೆಯಲಾರದವರು ಅದನ್ನು ಪಡೆದು ಬಳಸಿದರು. ಒಂದೊಂದು ಜಾಲತಾಣಕ್ಕೂ ಯಾರೋ ಒಬ್ಬರು ತಯಾರಿಸಿದ ಕಪ್ಪು ಹೊದಿಕೆ ದೊರೆಯತೊಡಗಿತು. ೨೦೧೦ರ ಆರಂಭದಲ್ಲಿ ಕ್ರೋಮ್ ಬ್ರೌಸರೂ ವಿಸ್ತರಣೆಗಳಿಗೆ ಅವಕಾಶಕೊಟ್ಟ ಮೇಲೆ ಇವುಗಳ ಬಳಕೆ ಇನ್ನೂ ವ್ಯಾಪಕವಾಯಿತು.

ಪ್ರತಿಯೊಂದು ತಾಣಕ್ಕೂ ಬೇರೆಬೇರೆ ಹೊದಿಕೆ ಹೊಲಿಯುವುದು ಮುಗಿಯದ ಕೆಲಸ. ಎಲ್ಲ ಪುಟಗಳನ್ನೂ ಒಂದೇ ಉಪಾಯದಿಂದ ಕಪ್ಪಾಗಿಸುವ ವಿಸ್ತರಣೆಗಳು ಇದರಿಂದ ಹುಟ್ಟಿದವು. ಇವುಗಳ ವಿಧಾನಗಳು ಮುಖ್ಯವಾಗಿ ಎರಡು. ಇಡೀ ಪುಟದ ಬಣ್ಣಗಳನ್ನು ಛಾಯಾಚಿತ್ರದ ನೆಗೆಟಿವಿನಂತೆ ತಿರುಗಿಸಿಬಿಡುವುದು ಮೊದಲನೆಯದು. ಇದು ಸರಳವಾದರೂ ಚಿತ್ರಗಳು ವಿಕಾರವಾಗುವುದರಿಂದ ಅವನ್ನು ಎರಡನೆಯ ಸಲ ತಿರುಗಿಸಿ ಮೊದಲಿನಂತೆ ಮಾಡಬೇಕಾಗುತ್ತದೆ. ಪುಟದ ವಿಧಿಗಳನ್ನು ಒಂದೊಂದಾಗಿ ಓದಿ, ಯಾವುದು ಹಿನ್ನೆಲೆ, ಯಾವುದು ಅಕ್ಷರ, ಯಾವುದು ಗೆರೆ ಎಂದು ವಿವೇಚಿಸಿ, ಹೊಸ ಬಣ್ಣಗಳನ್ನು ಲೆಕ್ಕಹಾಕಿ ಕೂಡಿಸುವುದು ಎರಡನೆಯದು. ಅಲೆಗ್ಸಾಂಡರ್ ಷುಟಾವ್ ಎಂಬಾತನು ಆರಂಭಿಸಿದ ಡಾರ್ಕ್ ರೀಡರ್ ಎಂಬ ವಿಸ್ತರಣೆಯಲ್ಲಿ ಈ ಎರಡು ವಿಧಾನಗಳೂ ದೊರೆಯುತ್ತವೆ. ಬೆಳಕು, ವ್ಯತ್ಯಾಸ, ಹಳದಿಯ ಛಾಯೆ ಮುಂತಾದವನ್ನು ಹೆಚ್ಚುಕಡಿಮೆ ಮಾಡಿಕೊಳ್ಳಲೂ, ಬೇಡವಾದ ತಾಣಗಳನ್ನು ಬಿಟ್ಟುಬಿಡಲೂ ಅದರಲ್ಲಿ ಅವಕಾಶವಿದೆ. ಅದರ ಮೂಲಪಾಠ ಯಾರು ಬೇಕಾದರೂ ಓದಿ ಪರೀಕ್ಷಿಸುವಂತೆ ಬಹಿರಂಗವಾಗಿದೆ.

ಮೂಲಪಾಠದ ಮಾತನ್ನು ಇಲ್ಲಿ ಒತ್ತಿಹೇಳುವುದಕ್ಕೆ ಕಾರಣವಿದೆ. ಪುಟದ ಬಣ್ಣವನ್ನು ಬದಲಿಸಬೇಕಾದರೆ ವಿಸ್ತರಣೆ ಆ ಪುಟವನ್ನು ಓದಲೇಬೇಕು. ಎಲ್ಲ ಪುಟಗಳ ಬಣ್ಣವನ್ನು ಬದಲಿಸಬೇಕಾದರೆ ಎಲ್ಲವನ್ನೂ ಓದಬೇಕು. ಅಂಚೆಪೆಟ್ಟಿಗೆಯನ್ನೂ, ಬ್ಯಾಂಕಿನ ಲೆಕ್ಕವನ್ನೂ, ವಿದ್ಯಾರ್ಥಿಗಳ ಅಂಕಪಟ್ಟಿಯನ್ನೂ. ಎಲ್ಲ ತಾಣಗಳಲ್ಲಿನ ಮಾಹಿತಿಯನ್ನು ಓದಲು ಮತ್ತು ಬದಲಿಸಲು ಅನುಮತಿ ಬೇಕೆಂದು ಬ್ರೌಸರ್ ಕೇಳುವ ಪ್ರಶ್ನೆಯ ಅರ್ಥ ಇದೇ. ಈ ಅನುಮತಿ ದುರುಪಯೋಗವಾದುದಕ್ಕೆ ಮೇಲೆ ಹೇಳಿದ ಸ್ಟೈಲಿಷ್ ಇತಿಹಾಸವೇ ನಿದರ್ಶನ. ಅದರ ಒಡೆತನ ಮೂಲಕರ್ತೃವಿನಿಂದ ಬೇರೆಯವರ ಕೈಸೇರಿತು. ೨೦೧೭ರಲ್ಲಿ ಅದು ಜಾಲತಾಣಗಳ ಸಂದರ್ಶಕರನ್ನು ಕುರಿತ ಮಾಹಿತಿಯನ್ನು ಮಾರುವ ಸಿಮಿಲರ್‌ವೆಬ್ ಸಂಸ್ಥೆಯೊಡನೆ ಸೇರಿಕೊಂಡಿತು. ಬಳಸುವವರು ಯಾವ ಯಾವ ಪುಟಗಳನ್ನು ನೋಡಿದರೆಂಬ ವಿವರವನ್ನು ಅದು ತನ್ನ ಒಡೆಯರಿಗೆ ಕಳುಹಿಸುತ್ತಿದೆಯೆಂದು ೨೦೧೮ರ ಜುಲೈಯಲ್ಲಿ ರಾಬರ್ಟ್ ಹೀಟನ್ ಎಂಬ ತಂತ್ರಜ್ಞನು ತೋರಿಸಿಕೊಟ್ಟನು. ಕೂಡಲೆ ಮೊಜಿಲ್ಲ ಮತ್ತು ಗೂಗಲ್ ಸಂಸ್ಥೆಗಳು ಅದನ್ನು ತಮ್ಮ ಅಂಗಡಿಗಳಿಂದ ತೆಗೆದುಹಾಕಿದವು. ಅನಂತರ ಅದು ಮತ್ತೆ ಕಾಣಿಸಿಕೊಂಡಿತು. ಈ ಬೇಹುಗಾರಿಕೆ ಒಪ್ಪದ ಇತರ ಕೆಲವರು ಅದರ ಹಳೆಯ ಪಾಠವನ್ನಾಧರಿಸಿ ೨೦೧೭ರಲ್ಲಿಯೇ ಸ್ಟೈಲಸ್ ಎಂಬ ಬೇರೊಂದು ವಿಸ್ತರಣೆಯನ್ನು ಬೆಳೆಸಿದ್ದರು.

ಕಣ್ಣಿಗೆ ತಂಪುಕೊಡಲು ಬಂದ ಸಾಧನ ಬೆನ್ನಹಿಂದೆ ನಿಂತು ಓದಿದುದನ್ನೆಲ್ಲ ಬರೆದುಕೊಳ್ಳುತ್ತಿತ್ತು. ಹೆಸರೂ ರೂಪವೂ ಹಳೆಯವೇ ಆಗಿದ್ದುದರಿಂದ ಒಡೆಯ ಬದಲಾದುದು ಹೆಚ್ಚಿನವರ ಗಮನಕ್ಕೆ ಬರಲಿಲ್ಲ.

೬

ಇಷ್ಟೆಲ್ಲ ಅಪಾಯವನ್ನು ಹೊತ್ತು ಪಡೆದ ಕಪ್ಪು ಹಿನ್ನೆಲೆ ನಿಜವಾಗಿಯೂ ಕಣ್ಣಿಗೆ ಹಿತವೇ ಎಂಬ ಪ್ರಶ್ನೆಯನ್ನು ಇಲ್ಲಿ ವಿಚಾರಿಸಬೇಕು. ಪ್ರಯೋಗಗಳು ಹೇಳುವುದು ಜನರ ನಂಬಿಕೆಗೆ ಪೂರ್ತಿ ಅನುಕೂಲವಾಗಿಲ್ಲ. ೧೯೮೦ರಲ್ಲಿ ಬಾವರ್ ಮತ್ತು ಕವೋನಿಯಸ್ ಎಂಬ ವಿದ್ವಾಂಸರ ಪ್ರಯೋಗದಲ್ಲಿ ತಿಳಿನೆಲದ ಮೇಲಿನ ಕಪ್ಪು ಅಕ್ಷರಗಳನ್ನು ಜನರು ಶೇಕಡ ೨೬ರಷ್ಟು ಹೆಚ್ಚು ನಿಖರವಾಗಿ ಓದಿದರು. ೨೦೧೩ರಲ್ಲಿ ಪೀಪೆನ್‌ಬ್ರಾಕ್ ಮತ್ತು ಸಂಗಡಿಗರು ಜರ್ಮನಿಯಲ್ಲಿ ನಡೆಸಿದ ಪ್ರಯೋಗಗಳಲ್ಲಿಯೂ ಕಿರಿಯರಿಗೂ ಹಿರಿಯರಿಗೂ ತಿಳಿನೆಲವೇ ಮೇಲೆಂದು ಕಂಡುಬಂದಿತು. ಹೆಚ್ಚು ಬೆಳಕಿನಲ್ಲಿ ಕಣ್ಣಿನ ಪಾಪೆ ಕಿರಿದಾಗುವುದರಿಂದ ಪ್ರತಿಬಿಂಬ ಸ್ಪಷ್ಟವಾಗಿ ಬೀಳುವುದೆಂಬುದು ಇದಕ್ಕೆ ಅವರು ಕೊಡುವ ವಿವರಣೆ.

ಆದರೆ ಸರಾಸರಿ ಓದುಗನಿಗೆ ಒಪ್ಪುವುದು ಎಲ್ಲರಿಗೂ ಒಪ್ಪಬೇಕೆಂಬ ನಿಯಮವಿಲ್ಲ. ೧೯೮೫ರಲ್ಲಿ ಗಾರ್ಡನ್ ಲೆಗ್ ಮತ್ತು ಸಂಗಡಿಗರು ಮಂದದೃಷ್ಟಿಯವರ ಓದನ್ನು ಪರೀಕ್ಷಿಸಿದಾಗ, ಕಣ್ಣಿನ ಮಸೂರವೇ ಮೊದಲಾದ ಪಾರದರ್ಶಕ ಭಾಗಗಳು ಮಸಕಾಗಿರುವವರು ಕಪ್ಪುನೆಲದ ಮೇಲಿನ ಬಿಳಿಯ ಅಕ್ಷರಗಳನ್ನು ಹೆಚ್ಚು ಚೆನ್ನಾಗಿ ಓದುವರೆಂದು ತಿಳಿದುಬಂದಿತು. ಮಸಕಾದ ಕಣ್ಣಿನೊಳಗೆ ಬಿಳಿಯ ಪುಟದ ಬೆಳಕೆಲ್ಲ ಚೆದರಿ ಅಕ್ಷರವನ್ನೇ ಮುಸುಕುವುದರಿಂದ ಹೀಗಾಗುತ್ತದೆ. ಪೊರೆ ಬಂದ ಕಣ್ಣಿನ ಅಧ್ಯಾಪಕರೊಬ್ಬರಿಗೆ ಕಪ್ಪು ಹಿನ್ನೆಲೆ ಶೋಕಿಯ ವಸ್ತುವಲ್ಲ. ಓದು ಮುಂದುವರಿಯುವುದೋ ನಿಲ್ಲುವುದೋ ಎಂಬುದು ಅದನ್ನವಲಂಬಿಸಿರಬಹುದು.

ವಿದ್ಯುತ್ತಿನ ಉಳಿತಾಯದ ವಾದವನ್ನೂ ಇದೇ ರೀತಿ ಸೋಸಿ ನೋಡಬೇಕು. ೨೦೦೭ರಲ್ಲಿ ಆಸ್ಟ್ರೇಲಿಯದ ಸಂಸ್ಥೆಯೊಂದು ಬ್ಲ್ಯಾಕಲ್ ಎಂಬ ಕಪ್ಪು ಹುಡುಕುತಾಣವನ್ನು ತೆರೆದು, ಕಪ್ಪು ಪುಟದಿಂದ ವಿದ್ಯುತ್ತು ಉಳಿಯುವುದೆಂದು ಸಾರಿತು. ಹಿಂದಿನಿಂದ ದೀಪ ಬೆಳಗುವ ಎಲ್‌ಸಿಡಿ ಪರದೆಗಳಲ್ಲಿ ಪುಟ ಕಪ್ಪಗಿದ್ದರೂ ದೀಪ ಉರಿಯುತ್ತಲೇ ಇರುವುದರಿಂದ ಆ ವಾದ ಅಲ್ಲಿ ನಿಲ್ಲುವುದಿಲ್ಲ. ಒಂದೊಂದು ಬಿಂದುವೂ ತಾನಾಗಿ ಬೆಳಗುವ ಓಎಲ್‌ಇಡಿ ಪರದೆಗಳಲ್ಲಿ ಅದು ನಿಜ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಿಂದ ೨೦೨೧ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಪರದೆಯ ಬೆಳಕು ಪೂರ್ಣವಾಗಿದ್ದಾಗ ಸರಾಸರಿ ಶೇಕಡ ೩೯ರಿಂದ ೪೭ರಷ್ಟು ಉಳಿತಾಯವಾದರೆ, ಬೆಳಕನ್ನು ಶೇಕಡ ೩೦ರಿಂದ ೫೦ಕ್ಕೆ ಇಳಿಸಿದಾಗ ಉಳಿಯುವುದು ಕೇವಲ ಶೇಕಡ ೩ರಿಂದ ೯ರಷ್ಟು.

ಈ ಸಾಕ್ಷ್ಯಗಳಿಂದ ಹೊರಡುವ ತೀರ್ಮಾನ ಒಂದೇ. ಎಲ್ಲರಿಗೂ ಎಲ್ಲ ಕಾಲಕ್ಕೂ ಯೋಗ್ಯವಾದ ಹಿನ್ನೆಲೆಯೆಂಬುದಿಲ್ಲ. ಕಣ್ಣು, ಕೋಣೆ, ಹೊತ್ತು, ಪರದೆ ಇವು ಪ್ರತಿಯೊಬ್ಬರಿಗೂ ಬೇರೆ. ಇವನ್ನು ಬಲ್ಲವನು ಓದುಗನೊಬ್ಬನೇ ಆದುದರಿಂದ ಆಯ್ಕೆಯೂ ಅವನದೇ ಆಗಿರತಕ್ಕದ್ದು.

೭

ಕೆಲಕಾಲದಿಂದ ಈ ಹಕ್ಕಿಗೆ ಮತ್ತೆ ಅಧಿಕೃತವಾದ ಮನ್ನಣೆ ದೊರೆಯುತ್ತಿದೆ. ೨೦೧೮ರ ಸೆಪ್ಟೆಂಬರಿನಲ್ಲಿ ಆಪಲ್ ಸಂಸ್ಥೆಯ ಗಣಕಗಳಿಗೂ, ೨೦೧೯ರ ಸೆಪ್ಟೆಂಬರಿನಲ್ಲಿ ಆಂಡ್ರಾಯ್ಡ್ ಮತ್ತು ಐಫೋನ್ ಮೊಬೈಲುಗಳಿಗೂ ಇಡೀ ವ್ಯವಸ್ಥೆಯನ್ನೇ ಕಪ್ಪಾಗಿಸುವ ಆಯ್ಕೆ ಬಂದಿತು. ಓದುಗನು ಕಪ್ಪನ್ನು ಬಯಸುವನೋ ಬಿಳಿಯನ್ನೋ ಎಂದು ಜಾಲತಾಣ ಕೇಳಿ ತಿಳಿಯಬಹುದಾದ ವಿಧಿ ಸಿಎಸ್‌ಎಸ್ ನಿಯಮಗಳಿಗೆ ಸೇರಿತು. ೨೦೧೯ರ ಮಾರ್ಚಿಯಿಂದ ಜುಲೈವರೆಗಿನ ಅವಧಿಯಲ್ಲಿ ಸಫಾರಿ, ಫೈರ್‌ಫಾಕ್ಸ್, ಕ್ರೋಮ್ ಮೂರೂ ಅದನ್ನು ಅಳವಡಿಸಿಕೊಂಡವು. ೨೦೨೪ರ ಜುಲೈಯಲ್ಲಿ ವಿಕಿಪೀಡಿಯ ತನ್ನದೇ ಆದ ಕಪ್ಪು ರೂಪವನ್ನು ಕೊಡತೊಡಗಿತು.

ಈ ಏರ್ಪಾಟಿನಲ್ಲಿ ಓದುಗನು ತನ್ನ ಇಚ್ಛೆಯನ್ನು ತಿಳಿಸಬಹುದೇ ಹೊರತು ಅದನ್ನು ನಡೆಸಿಕೊಡುವುದು ಬಿಡುವುದು ತಾಣದವರ ಚಿತ್ತ. ಹಳೆಯ ಪತ್ರಿಕೆಗಳ ತಾಣಗಳು, ಸರಕಾರಿ ಪುಟಗಳು, ಯಾರೂ ತಿದ್ದದೆ ಬಿಟ್ಟ ಗ್ರಂಥಸೂಚಿಗಳು ಬೆಳ್ಳಗೇ ಉಳಿದಿವೆ. ಸಂಶೋಧಕನಿಗೆ ಬೇಕಾಗುವುದು ಬಹುಮಟ್ಟಿಗೆ ಇವುಗಳೇ. ಹೀಗಾಗಿ ವಿಸ್ತರಣೆಗಳ ಅವಶ್ಯಕತೆ ತಪ್ಪಿಲ್ಲ.

ಹಾಗಾದರೆ ವಿಸ್ತರಣೆಯನ್ನು ಆರಿಸುವುದು ಹೇಗೆ? ತಾಮ್ರಶಾಸನವೊಂದು ಕೈಗೆ ಬಂದಾಗ ಇತಿಹಾಸದ ವಿದ್ಯಾರ್ಥಿ ಅದನ್ನು ಕಂಡಕೂಡಲೆ ನಂಬುವುದಿಲ್ಲ. ಬರೆಸಿದವರಾರು, ಯಾರ ಕೈಯಿಂದ ಯಾರ ಕೈಗೆ ಬಂದಿತು, ಪಾಠ ತಿದ್ದುಪಡಿಯಾಗಿದೆಯೇ, ಅದರಿಂದ ಲಾಭ ಪಡೆಯುವವರಾರು ಎಂದು ವಿಚಾರಿಸಿ ಕೂಟಶಾಸನವನ್ನು ಬೇರ್ಪಡಿಸುತ್ತಾನೆ. ಅದೇ ವಿವೇಚನೆ ಇಲ್ಲಿಯೂ ಸಾಕು. ಮೊದಲು ಗಣಕದ ಇಲ್ಲವೆ ಮೊಬೈಲಿನ ವ್ಯವಸ್ಥೆಯಲ್ಲಿಯೇ ಇರುವ ಕಪ್ಪು ಆಯ್ಕೆಯನ್ನು ಪರೀಕ್ಷಿಸಬೇಕು. ದೀರ್ಘ ಲೇಖನವನ್ನು ಓದುವುದಷ್ಟೇ ಉದ್ದೇಶವಾದರೆ ೨೦೧೦ರಲ್ಲಿ ಸಫಾರಿಯಲ್ಲಿ ಮೊದಲಾಗಿ ಈಗ ಹಲವು ಬ್ರೌಸರುಗಳಲ್ಲಿರುವ ಓದುರೂಪ ಸಾಕಾಗಬಹುದು; ಇವೆರಡಕ್ಕೂ ಹೊರಗಿನವರ ನೆರವು ಬೇಕಿಲ್ಲ. ಇವು ಸಾಲದೆ ಹೋದಾಗ ಮಾತ್ರ ವಿಸ್ತರಣೆಯ ಕಡೆಗೆ ತಿರುಗಬೇಕು. ಅದನ್ನು ಬ್ರೌಸರಿನ ಅಧಿಕೃತ ಅಂಗಡಿಯಿಂದಲೇ ಪಡೆಯಬೇಕು. ಹೆಸರಿನೊಡನೆ ಕರ್ತೃವಿನ ಹೆಸರನ್ನೂ ನೋಡಬೇಕು. ಮೂಲಪಾಠ ಬಹಿರಂಗವಾಗಿರುವುದನ್ನು ಆದರಿಸಬೇಕು. ಒಡೆತನ ಬದಲಾಯಿತೆಂದು ತಿಳಿದರೆ ಮತ್ತೆ ಮೊದಲಿನಿಂದ ವಿಚಾರಿಸಬೇಕು. ೨೦೧೮ರ ಅಕ್ಟೋಬರಿನಿಂದ ಕ್ರೋಮ್ ಬ್ರೌಸರಿನಲ್ಲಿ ಒಂದು ವಿಸ್ತರಣೆಗೆ ಎಲ್ಲ ತಾಣಗಳ ಬದಲು ಗೊತ್ತಾದ ಕೆಲವು ತಾಣಗಳಲ್ಲಿ ಮಾತ್ರ ಪ್ರವೇಶ ಕೊಡಬಹುದಾಗಿದೆ. ಬ್ಯಾಂಕಿನ ಪುಟ ಬೆಳ್ಳಗಿದ್ದರೆ ಕೆಲವು ನಿಮಿಷ ಸಹಿಸಿಕೊಳ್ಳುವುದೇ ಜಾಣತನ. ಮೊಬೈಲಿನಲ್ಲಿ ಓದುವ ವಿದ್ಯಾರ್ಥಿಗಳಿಗೆ ೨೦೨೧ರಿಂದ ಐಫೋನಿನ ಸಫಾರಿಯಲ್ಲಿಯೂ, ೨೦೨೩ರ ಡಿಸೆಂಬರಿನಿಂದ ಆಂಡ್ರಾಯ್ಡಿನ ಫೈರ್‌ಫಾಕ್ಸಿನಲ್ಲಿ ಹೆಚ್ಚು ವ್ಯಾಪಕವಾಗಿಯೂ ವಿಸ್ತರಣೆಗಳು ದೊರೆಯುತ್ತಿವೆ.

ನಮ್ಮ ಶಾಸ್ತ್ರದವರಿಗೆ ಇನ್ನೊಂದು ಎಚ್ಚರಿಕೆ ಅವಶ್ಯ. ಬಣ್ಣವೇ ಸಾಕ್ಷ್ಯವಾಗಿರುವ ಕಡೆ ವಿಸ್ತರಣೆಯನ್ನು ನಿಲ್ಲಿಸಿ ನೋಡಬೇಕು. ರಾಜ್ಯಗಳ ಎಲ್ಲೆಗಳನ್ನು ಬಣ್ಣಗಳಿಂದ ತೋರಿಸಿದ ಭೂಪಟ, ಮಸಿಯ ಭೇದವನ್ನು ಗುರುತಿಸಬೇಕಾದ ಹಸ್ತಪ್ರತಿಯ ಚಿತ್ರ, ನಾಣ್ಯದ ಲೋಹಚ್ಛಾಯೆ ಇವುಗಳ ಮೇಲೆ ವಿಸ್ತರಣೆಯ ಲೆಕ್ಕ ಓಡಿದರೆ ನಮಗೆ ಕಾಣುವುದು ಮೂಲವಲ್ಲ. ಪಡಿಯಚ್ಚಿನ ಚಿತ್ರದಲ್ಲಿ ಬಿಳಿಯ ಅಕ್ಷರ ಕಪ್ಪಾಗಿ ಕಂಡರೆ ಓದಿಗೆ ಬಾಧಕವಾಗದಿರಬಹುದು. ಆದರೆ ಕಲ್ಲಿನ ಸೀಳನ್ನೂ ಉಳಿಯ ಗೆರೆಯನ್ನೂ ಬೇರ್ಪಡಿಸಬೇಕಾದವನು ಅದನ್ನು ಇದ್ದಂತೆಯೇ ನೋಡತಕ್ಕದ್ದು.

ಒಟ್ಟಿನಲ್ಲಿ ಹೇಳುವುದಾದರೆ, ಪುಟದ ಅರ್ಥ ಬರೆದವನಿಗೆ ಸೇರಿದುದು; ಅದನ್ನು ಯಾವ ಬೆಳಕಿನಲ್ಲಿ ಓದಬೇಕೆಂಬುದು ಓದುವವನಿಗೆ ಸೇರಿದುದು. ೧೯೯೮ರಲ್ಲಿಯೇ ನಿಯಮವ್ಯವಸ್ಥೆ ಇದನ್ನು ಒಪ್ಪಿದ್ದರೂ ಓದುಗರು ಅದನ್ನು ಪಕ್ಕದ ಬಾಗಿಲಿನಿಂದ ಪಡೆಯಬೇಕಾಯಿತು. ಆ ದಾರಿಯಲ್ಲಿ ಕೆಲವರು ತಮ್ಮ ಓದಿನ ಗುಟ್ಟನ್ನೇ ತೆತ್ತರು. ಸ್ಟೈಲಿಷ್ ಪ್ರಕರಣವನ್ನು ಬಲ್ಲ ವಿದ್ಯಾರ್ಥಿ ಕಪ್ಪು ಹಿನ್ನೆಲೆಯನ್ನು ಬಿಟ್ಟುಕೊಡಬೇಕಾಗಿಲ್ಲ. ಅನುಮತಿಯ ಗುಂಡಿಯನ್ನು ಒತ್ತುವ ಮುನ್ನ ಅದರ ಹಿಂದೆ ಯಾರಿದ್ದಾರೆಂದು ಒಂದು ಸಲ ಕೇಳಿದರೆ ಸಾಕು.